ಜಂಪರ್ ಪೀಸಿನ ಜೊತೆ ಕೊಟ್ಟ ಪುಸ್ತಕ

ಕೊಡುವುದೇ ದಾಸೋಹ ಎಂದು ಹೋದ ಸೋಮವಾರದ ಪ್ರವಚನದಲ್ಲಿ ಹೇಳಿದ್ದೆ. ನೀವೆಲ್ಲ ತಲೆಯಾಡಿಸಿದಿರಿ. ಇವತ್ತು ಆ ಮಾತನ್ನೇ ತಿರುಗಿಸಿ ಕೇಳುತ್ತೇನೆ, ತಾಯಂದಿರೇ. ಕೊಡುವುದೆಲ್ಲವೂ ದಾಸೋಹವೇ? ಕೂಡಲೇ ಹೌದು ಎನ್ನಬೇಡಿ. ಒಂದು ದೃಷ್ಟಾಂತ ಕೇಳಿ, ಆಮೇಲೆ ಹೇಳುವಿರಂತೆ.

ಒಂದು ಪೇಟೆಯ ಊರು. ಅಲ್ಲೊಬ್ಬ ದೊಡ್ಡ ಮೆಣಸಿನಕಾಯಿ ವ್ಯಾಪಾರಿ, ಯಾವುದಕ್ಕೂ ಕಡಿಮೆಯಿಲ್ಲದವನು. ಅವನು ತನ್ನ ಅಂಗಡಿಯಲ್ಲೇ ಕೂತಿರಲಿ. ನಮಗೆ ಬೇಕಾದವಳು ಅವನ ಹೆಂಡತಿ.

ಆ ತಾಯಿಗೆ ಬರೆಯುವ ಚಟ. ಮನೆಯವರ ಊಟ ಮುಗಿದ ಮೇಲೆ ಅಡುಗೆಮನೆಯ ಕಟ್ಟೆಯನ್ನು ಒರೆಸಿ, ಅದೇ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದಳು. ಕೂತು ಬರೆದರೆ ಯಾರಾದರೂ ಏನು ಮಾಡುತ್ತಿದ್ದೀ ಎಂದು ಕೇಳುತ್ತಾರೆ ನೋಡಿ. ನಿಂತಿದ್ದರೆ ಅಡುಗೆ ಮಾಡುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಹೀಗೆ ಬರೆದದ್ದೆಲ್ಲ ಸೇರಿ ಒಂದು ಪುಸ್ತಕವಾಯಿತು. ಒಬ್ಬ ಪ್ರಕಾಶಕ ಅಚ್ಚು ಹಾಕಲು ಒಪ್ಪಿದ.

ಆ ಪುಸ್ತಕದ ನಡುವೆ ಒಂದು ಬರಹವಿತ್ತು. ಬಹಳ ವರ್ಷಗಳ ಹಿಂದೆ, ಕೂಡು ಕುಟುಂಬದಲ್ಲಿದ್ದಾಗ, ಅವಳ ಐದು ತಿಂಗಳ ಬಸಿರು ಇಳಿದುಹೋಗಿತ್ತು. ಅದೇ ದಿನ ಮನೆಗೆ ಪರವೂರಿನ ವ್ಯಾಪಾರಿಗಳು ಊಟಕ್ಕೆ ಬಂದರು. ಇವಳು ಕೋಣೆಯಲ್ಲಿ ಮಲಗಿದ್ದಾಳೆ, ಅಡುಗೆಮನೆಯಿಂದ ಹೂರ್ಣದ ವಾಸನೆ ಬರುತ್ತಿದೆ. ಹೋಳಿಗೆ ಮಾಡುತ್ತಿದ್ದವಳು ಅವಳ ಗಂಡನ ಅಣ್ಣನ ಹೆಂಡತಿ, ಅವಳು ಅಕ್ಕ ಎಂದೇ ಕರೆಯುತ್ತಿದ್ದ ಹಿರಿಯ ನೆಗೆಣ್ಣಿ. ಸಂಜೆ ಕೋಣೆಯ ಬಾಗಿಲಲ್ಲಿ ಒಂದು ತಾಟು ಇಟ್ಟ ಸಪ್ಪಳವಾಯಿತು. ತಾಟಿನಲ್ಲಿ ಹೋಳಿಗೆ, ತುಪ್ಪ. ಇಟ್ಟವಳು ಒಳಗೆ ಬರಲಿಲ್ಲ, ಹಾಗೇ ಹೊರಟುಹೋದಳು.

ಅಷ್ಟೇ ಬರಹ. ಅಕ್ಕನಿಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಅವಳು ಪುಸ್ತಕದಲ್ಲಿ ಹೇಳಿದ್ದಳು. ಊರೆಲ್ಲ ಓದಲಿ ಎಂಬ ಆಸೆ ಬರೆದವರಿಗೆಲ್ಲ ಇರುತ್ತದೆ. ಆದರೆ ಅವಳ ಎದೆಯಲ್ಲಿದ್ದದ್ದು ಒಬ್ಬಳು. ಅಕ್ಕ ಓದಬೇಕು. ಓದಿ ಏನಾದರೂ ಅನ್ನಬೇಕು.

ಬಿಡುಗಡೆಯ ದಿನ ಬಂತು. ವೇದಿಕೆಯ ಮೇಲಿನವರು ಬಣ್ಣದ ಕಾಗದ ಬಿಚ್ಚಿ, ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು ಫೋಟೋ ತೆಗೆಸಿಕೊಂಡರು. ಜನ ಶಿರಾ ಉಪ್ಪಿಟ್ಟು ತಿಂದರು. ಹೊರಗೆ ಪ್ರಕಾಶಕ ಮೇಜು ಹಾಕಿಕೊಂಡು ರಿಯಾಯಿತಿ ದರದಲ್ಲಿ ಮಾರಲು ಕೂತಿದ್ದ. ಅವಳ ಗೆಳತಿಯರು ಮೇಜಿನ ತನಕ ಬಂದರು, ಪುಸ್ತಕ ಕೈಗೆ ತೆಗೆದುಕೊಂಡರು, ಅವಳ ಮುಖ ನೋಡಿದರು.

“ಅಯ್ಯ, ನಮ್ಮ ಕಡೆನೂ ರೊಕ್ಕಾ ತಗೋತೀರೇನ್ರೀ ವೈನಿ?”

ಏನೆನ್ನಬೇಕು ಅವಳು? ನೀವಾಗಿದ್ದರೆ ಏನೆನ್ನುತ್ತಿದ್ದಿರಿ?

“ಛೇ ಛೇ, ಹಂಗ್ಯಾಕ, ತಗೋರಿ” ಎಂದಳು. ಒಬ್ಬರಿಗೆ ಅಂದದ್ದು ಎಲ್ಲರಿಗೂ ಅಂದಂತಾಯಿತು. ಪ್ರಕಾಶಕ ಅವಳನ್ನು ಪಕ್ಕಕ್ಕೆ ಕರೆದು ಹೇಳಿದ: “ಬಾಯಾರ, ಪುಕ್ಕಟೆ ಕೊಡಬ್ಯಾಡ್ರಿ. ಒಬ್ಬಾಕಿ ಓದಿ ಇನ್ನೊಬ್ಬಾಕಿಗೆ ಹೇಳಿದ್ರ ನಮ್ಮ ಪುಸ್ತಕ ಹೋಗ್ತಾವ. ನಮಗ ಬ್ಯಾರೆ ಜಾಹೀರಾತಿಲ್ಲ. ಪುಕ್ಕಟೆ ಬಂದದ್ದು ಯಾರು ಓದ್ತಾರ?”

ಅವಳು ಕೇಳಲಿಲ್ಲ. ಸಂಭಾವನೆಯ ಬದಲು ಅವನು ಕೊಟ್ಟಿದ್ದ ಪ್ರತಿಗಳ ಕಟ್ಟು ಮನೆಯಲ್ಲಿತ್ತಲ್ಲ, ಅದನ್ನು ಬಿಚ್ಚಿದಳು. ಮನೆಗೆ ಬಂದ ಮುತ್ತೈದೆಯರಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಜಂಪರ್ ಪೀಸು, ಅದರ ಮೇಲೊಂದು ಪುಸ್ತಕ. ಚಂದದ ವಿಚಾರ ಹೌದಲ್ಲ? ಅವಳಿಗೂ ಹಾಗೇ ಅನಿಸಿತು.

ನೋಡಿ, ಜಂಪರ್ ಪೀಸಿನ ಸಂಗತಿ ನಿಮಗೆ ನಾನು ಹೇಳಬೇಕೇ? ಉಡಿಯಲ್ಲಿ ಬಂದ ಜಂಪರ್ ಪೀಸನ್ನು ರವಿಕೆ ಹೊಲಿಸಿಕೊಂಡು ತೊಟ್ಟವರು ಇಲ್ಲಿ ಯಾರಿದ್ದೀರಿ? ನಿಮ್ಮ ಮನೆಯಿಂದ ಅವರ ಮನೆಗೆ, ಅವರ ಮನೆಯಿಂದ ಇವರ ಮನೆಗೆ, ಮಡಿಕೆ ಬಿಚ್ಚದೆ ತಿರುಗುವ ಬಟ್ಟೆ ಅದು. ಹಿಂದಿನ ಸಾಲಿನವರು ನಗುತ್ತಿದ್ದೀರಿ. ನಗಿರಿ. ಆ ತಾಯಿ ತನ್ನ ಪುಸ್ತಕವನ್ನು ಕೊಂಡೊಯ್ದು ಆ ಸಾಲಿಗೇ ಸೇರಿಸಿಬಿಟ್ಟಳು.

ಅಕ್ಕನಿಗೆ ಮಾತ್ರ ಬೇರೆ ಪ್ರತಿ. ಮೊದಲ ಹಾಳೆಯ ಮೇಲೆ ‘ಅಕ್ಕನಿಗೆ, ಎಲ್ಲರಿಗಿಂತ ಮೊದಲು’ ಎಂದು ಬರೆದು, ಬಿಡುಗಡೆಗೆ ತಂದಿದ್ದ ಬಣ್ಣದ ಕಾಗದದಲ್ಲೇ ಸುತ್ತಿ, ಕೈಗಿಟ್ಟು, ಕಾಲು ಮುಟ್ಟಿ ನಮಸ್ಕರಿಸಿ ಬಂದಳು. ಓದಿರಿ ಎಂದು ಹೇಳಿದಳೇ? ಇಲ್ಲ. ಕೊಟ್ಟ ಮೇಲೆ ಓದುತ್ತಾರಲ್ಲ, ಹೇಳುವುದೇಕೆ?

ಆಮೇಲೆ ಶುರುವಾಯಿತು ನೋಡಿ ಅವಳ ಚಡಪಡಿಕೆ.

ಫೋನು ಸದ್ದಾದರೆ ಒಗ್ಗರಣೆ ಬಿಟ್ಟು ಓಡುತ್ತಿದ್ದಳು. ಅಲ್ಲೇನಿದೆ? ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಹೂಗುಚ್ಛ, ಹೆಬ್ಬೆರಳು, ಮುಗಿದ ಕೈ. ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಕೇಳಿದವರಿಲ್ಲ. ಕ್ಯಾಲೆಂಡರ್ ಬೇಕು, ಪೆನ್ನು ಬೇಕು ಎಂಬ ನೆಪ ಮಾಡಿಕೊಂಡು ಪುಸ್ತಕದ ಅಂಗಡಿಗೆ ಹೋಗುತ್ತಿದ್ದಳು. ಅಂಗಡಿಯವನು ಆಚೆ ತಿರುಗಿದಾಗ, ಕಪಾಟಿನಲ್ಲಿ ಬೆನ್ನು ತೋರಿಸಿ ನಿಂತಿದ್ದ ತನ್ನ ಪುಸ್ತಕವನ್ನು ಮುಖ ಕಾಣುವಂತೆ ತಿರುಗಿಸಿಡುತ್ತಿದ್ದಳು. ಮತ್ತೆ ಹೋದರೆ ಅದು ಮತ್ತೆ ಬೆನ್ನು ತೋರಿಸಿ ನಿಂತಿರುತ್ತಿತ್ತು. ಯಾರ ಮನೆಗೆ ಹೋದರೂ ಕಣ್ಣು ಶೋಕೇಸಿನ ಮೇಲೆ. ಒಂದು ಮನೆಯಲ್ಲಿ ಪುಸ್ತಕ ಅಲುಗಾಡುವ ಮಿಕ್ಸರಿನ ಕಾಲಿನ ಕೆಳಗಿತ್ತು. ಅದನ್ನು ಕಂಡೂ ಕಾಣದಂತೆ ಕೇಳಿದಳು.

“ಓದಿದ್ರೇನ್ರಿ?”

“ಓದೀನ್ರಿ. ಭಾಳ ಚಂದ್ ಐತ್ರಿ.”

“ಯಾವುದು ಚಂದ ಅನಿಸ್ತು?”

“ಕವರ್ ಪೇಜ್ರಿ. ಆ ನೀಲಿ ಬಣ್ಣ ಅಗದೀ ಚಂದ್ ಐತಿ.”

ಗಂಡ ಒಳ್ಳೆಯವನೇ. ಸಂಜೆ ಬಂದು ಚಪ್ಪಲಿ ಬಿಡುತ್ತ ಕೇಳುತ್ತಿದ್ದ: “ಎಷ್ಟ ಹೋದ್ವು ಇವತ್ತ?” ಅವಳು ನೀರಿನ ತಂಬಿಗೆ ತಂದಿಡುತ್ತಿದ್ದಳು. “ಮಾಲು ಚಲೋ ಇದ್ರ ಮುಗೀತೇನ? ಗಿರಾಕಿ ಮುಂದ ಚೀಲದ ಬಾಯಿ ಬಿಚ್ಚಿ, ತಗೋರಿ ಅನಬೇಕು. ನೀ ಚೀಲಕ್ಕ ಹೊಲಿಗಿ ಹಾಕಿ ಕುಂತಿ.”

“ನಾ ಏನ್ ಮೆಣಸಿನಕಾಯಿ ಮಾರಾಕತ್ತೀನೇನು” ಎಂದು ಅವಳು ಸಿಡುಕುತ್ತಿದ್ದಳು.

ಸಿಟ್ಟು ಯಾರ ಮೇಲೆ? ಗಂಡನ ಮೇಲಲ್ಲ, ಗೆಳತಿಯರ ಮೇಲೂ ಅಲ್ಲ. ಅಕ್ಕನ ಮೇಲೆ. ಮದುವೆ, ತೊಟ್ಟಿಲು, ಗೃಹಪ್ರವೇಶ ಎಂದು ಎಲ್ಲೆಲ್ಲೂ ಸಿಗುವ ಅಕ್ಕ, ಸೊಸೆಯ ವಿಷಯ, ಮಂಡಿನೋವಿನ ವಿಷಯ, ಎಲ್ಲ ಮಾತಾಡುತ್ತಿದ್ದಳು. ಪುಸ್ತಕದ ಮಾತಿಲ್ಲ. ಓದಿಯೂ ಸುಮ್ಮನಿದ್ದಾಳೋ, ಓದಿಯೇ ಇಲ್ಲವೋ? ಎರಡರಲ್ಲಿ ಯಾವುದು ಹೆಚ್ಚು ನೋಯುತ್ತದೆ, ನೀವೇ ಹೇಳಿ.

ಹೀಗಿರುವಾಗ ದೂರದ ಸಂಬಂಧಿಕರೊಬ್ಬರ ಮನೆಯಲ್ಲಿ ಹಳದಿ ಕುಂಕುಮಕ್ಕೆ ಹೋದಳು. ಉಡಿ ತುಂಬಿಸಿಕೊಂಡು ಬಂದಳು. ಮನೆಗೆ ಬಂದು ಸೆರಗು ಬಿಚ್ಚಿದರೆ ಅಕ್ಕಿಯ ನಡುವೆ ಒಂದು ಬಣ್ಣದ ಕಾಗದದ ಪೊಟ್ಟಣ. ಫೋಟೋ ಫ್ರೇಮು ಇರಬೇಕೆಂದು ಹರಿದಳು. ಒಳಗಿದ್ದದ್ದು ತನ್ನದೇ ಪುಸ್ತಕ. ಮೊದಲ ಹಾಳೆ ತಿರುವಿದಳು. ತನ್ನದೇ ಅಕ್ಷರ. ‘ಅಕ್ಕನಿಗೆ, ಎಲ್ಲರಿಗಿಂತ ಮೊದಲು.’

ಎಷ್ಟು ಉಡಿಗಳನ್ನು ದಾಟಿ ಬಂದಿತ್ತೋ ಅದು. ಯಾರಾದರೊಬ್ಬರು ಕಾಗದ ಬಿಚ್ಚಿದ್ದರೆ, ಬರೆದವಳ ಹೆಸರು ನೋಡಿದ್ದರೆ, ಅದು ಅವಳ ಉಡಿಗೇ ಬರುತ್ತಿತ್ತೇ? ತಾನು ಸುತ್ತಿದ ಪೊಟ್ಟಣವನ್ನು ಕೊನೆಗೆ ತಾನೇ ಹರಿದಳು. ಅವಳಿಗೆ ಅಳು ಬರಲಿಲ್ಲ, ತಾಯಂದಿರೇ. ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಉಟ್ಟ ಸೀರೆಯಲ್ಲೇ ಪುಸ್ತಕ ಹಿಡಿದು ಅಕ್ಕನ ಮನೆಗೆ ನಡೆದಳು.

ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡಳು. ಎಲ್ಲ ಚುಚ್ಚು ಮಾತುಗಳೇ. ಅಕ್ಕ ಅಂಗಳದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಎದುರು ನಿಂತಾಗ ಜೋಡಿಸಿಕೊಂಡ ಮಾತು ಒಂದೂ ಬರಲಿಲ್ಲ. ಬಂದದ್ದು ಇದು:

“ಅಕ್ಕಾ, ಈ ಪುಸ್ತಕ ನೀವು ಕೊಂಡ್ಕೋಬೇಕು.”

“ಕೊಂಡ್ಕೋಬೇಕ? ಕೊಟ್ಟಿದ್ದಿಯಲ್ಲ ನೀ?”

“ಕೊಟ್ಟಿದ್ದೆ. ಅದು ಊರೆಲ್ಲಾ ತಿರುಗಿ ನನ್ನ ಉಡಿಗೇ ಬಂತು.”

ಅಕ್ಕನ ಕೈ ನಿಂತಿತು. ಮತ್ತೆ ಒಂದು ತೊಟ್ಟು ಮುರಿಯಿತು.

“ಎಷ್ಟೈತಿ ಇದಕ್ಕ?”

“ಹಿಂದ ಬರದಾರ ನೋಡ್ರಿ.”

“ಇಷ್ಟು ತೆಳ್ಳಂದಕ್ಕ ಇಷ್ಟೊಂದಾ? ಮನಿಮಂದಿಗೆ ಏನರ ಬಿಟ್ಟು ಕೊಡು.”

“ಬಿಡಂಗಿಲ್ಲ.”

“ಗಂಡನ ಗುಣ ಈಗ ಬಂತು ನೋಡು ನಿನಗ” ಎಂದು ಅಕ್ಕ ಸೊಂಟದ ಚೀಲ ಬಿಚ್ಚಿದಳು. ಖಾರದ ಕೈಯಲ್ಲೇ ನೋಟು ಕೊಟ್ಟಳು. “ರೊಕ್ಕಾ ಕೊಟ್ಟೀನಿ ಮತ್ತ. ಚಲೋ ಇರಲಿಲ್ಲಂದ್ರ ಮನಿ ಮಟ ಬಂದು ಜಗಳಾಡ್ತೀನಿ.”

“ಬರ್ರಿ. ಓದಿ ಬಂದು ಜಗಳಾಡ್ರಿ. ನಿಮಗಂತನ ಬರದೀನಿ, ನೀವು ಓದಬೇಕು.”

ಕೇಳಿದಿರಾ? ಮೊದಲ ಸಲ ಅವಳು ಬಾಯಿಬಿಟ್ಟು ಹೇಳಿದಳು. ನೀವು ಓದಬೇಕು. ಇಷ್ಟು ಚಿಕ್ಕ ಮಾತು. ಇದನ್ನು ಹೇಳಲಾಗದೆ ಒಂದು ಕಟ್ಟು ಪುಸ್ತಕ ಹಂಚಿದ್ದಳು.

ಕೆಲವು ದಿನ ಅಕ್ಕನ ಸುದ್ದಿಯಿಲ್ಲ. ಒಂದು ಮುಂಜಾನೆ ಬಂದಳು. ಬಾಗಿಲಲ್ಲೇ ನಿಂತು, ಪುಸ್ತಕವನ್ನು ಎತ್ತಿ ತೋರಿಸಿ ಹೇಳಿದಳು.

“ಅರ್ಧ ಸುಳ್ಳು ಬರ್ದಿ ನೀ.”

“ಯಾವ ಅರ್ಧ?”

“ಹೋಳಿಗಿ ಮಾಡಿದ್ದು ಖರೆ. ತಾಟು ಇಟ್ಟು ಹೋದೆ ಅಂತ ಬರ್ದಿಯಲ್ಲ, ನಾ ಹೋಗಿಲ್ಲ. ಬಾಗಲದ ಹೊರಗ ಗ್ವಾಡಿಗೆ ಒರಗಿ ನಿಂತಿದ್ದೆ. ಒಳಗ ಬಂದ್ರ ಏನ್ ಅನಬೇಕು ನನಗ ತಿಳೀಲಿಲ್ಲ. ನೀ ಕರದಿದ್ರ ಬರ್ತಿದ್ದೆ. ನೀ ಕರೀಲಿಲ್ಲ.”

“ನೀವ ಬರ್ತೀರಿ ಅಂತ ಕಾಯಾಕತ್ತಿದ್ದೆ.”

“ನಾನೂ ಕಾಯಾಕತ್ತಿದ್ದೆ.” ಆಮೇಲೆ ಅಕ್ಕ ದನಿ ತಗ್ಗಿಸಿ ಹೇಳಿದಳು. “ನೀ ಕೊಟ್ಟ ಪೊಟ್ಟಣ ತಪ್ಪಿ ಹೋಗಿದ್ದಲ್ಲ. ಪುಸ್ತಕದಾಗ ನಾ ಇರ್ತೀನಿ ಅಂತ ಗೊತ್ತಿತ್ತು. ಮನ್ಯಾಗಿದ್ರ ಇಂದಿಲ್ಲ ನಾಳೆ ತೆರೀತೀನಿ ಅಂತ ಅಂಜಿ, ನಾನ ಉಡಿಗೆ ಹಾಕಿ ಕಳಿಸಿದೆ.”

ಅವರಿಬ್ಬರೂ ತಬ್ಬಿಕೊಂಡು ಅತ್ತರು ಎಂದು ಹೇಳಿದರೆ ನಿಮಗೆ ಸಮಾಧಾನವಾಗುತ್ತಿತ್ತು. ಹಾಗಾಗಲಿಲ್ಲ. ಎರಡು ಹೆಣ್ಣು ಜೀವಗಳು ಒಂದು ಗೋಡೆಯ ಆಚೆ ಈಚೆ ಅಷ್ಟು ವರ್ಷ ಕಾದವು ಎಂಬುದು ತಿಳಿದ ಮೇಲೆ ಸಮಾಧಾನ ಎಲ್ಲಿಂದ ಬರಬೇಕು? ಇನ್ನೊಂದು ಸಲ ಅಚ್ಚು ಹಾಕಿಸಿದರೆ ನಾನು ಹೊರಗೆ ನಿಂತದ್ದನ್ನೂ ಸೇರಿಸು ಎಂದು ಹೇಳಿ ಅಕ್ಕ ಹೋದಳು.

ಪುಸ್ತಕ ಮಾರಾಟವಾಯಿತೇ ಎಂದು ಕೇಳುತ್ತೀರಿ. ಆಯಿತು. ಅಕ್ಕನೇ ಓಣಿಯಲ್ಲಿ ಹೇಳಿಕೊಂಡು ಬಂದಳು, “ನನ್ನ ಬಗ್ಗೆ ಬರದಾಳ, ಅರ್ಧ ಸುಳ್ಳು, ಬೇಕಾದ್ರ ಕೊಂಡು ಓದ್ರಿ” ಎಂದು. ಆ ಸುಳ್ಳು ಯಾವುದೆಂದು ನೋಡಲು ಹೆಂಗಸರು ಅಂಗಡಿಗೆ ಹೋದರು. ಪುಕ್ಕಟೆ ಪ್ರತಿ ಸಿಕ್ಕವರೂ ಮಿಕ್ಸರಿನ ಕೆಳಗಿನಿಂದ ಎಳೆದು ಓದಿದರು. ಪ್ರಕಾಶಕ ಹೇಳಿದ್ದು ಖರೆಯೇ. ಆದರೆ ನಾನು ಪುಸ್ತಕ ಮಾರುವುದನ್ನು ಕಲಿಸಲು ಈ ಪೀಠದ ಮೇಲೆ ಕೂತಿಲ್ಲ.

ಈಗ ನಿಮ್ಮ ಕಡೆಗೆ ತಿರುಗುತ್ತೇನೆ.

ಕೊಡುವುದೆಲ್ಲ ದಾಸೋಹವೇ? ದಾಸೋಹದಲ್ಲಿ ಕೊಟ್ಟವನು ಹಿಂತಿರುಗಿ ನೋಡುವುದಿಲ್ಲ. ನೀವು? ಡಬ್ಬಿ ಕಟ್ಟಿಕೊಟ್ಟು ಏನಾದರೂ ಅಂದಾರೆಂದು ಕಾಯುತ್ತೀರಿ. ಸೊಸೆಗೆ ಬಳೆ ಬಿಚ್ಚಿಕೊಟ್ಟು ಅವಳ ಮುಖ ನೋಡುತ್ತೀರಿ. ಅತ್ತೆಗೆ ಬಿಸಿನೀರು ಕಾಸಿಕೊಟ್ಟು ಒಂದು ಒಳ್ಳೆಯ ಮಾತಿಗೆ ಕಿವಿ ಇಡುತ್ತೀರಿ. ಬರಲಿಲ್ಲವೆಂದರೆ ಒಳಗೊಳಗೇ ಉರಿಯುತ್ತೀರಿ. ಅವರಿಗೇ ತಿಳಿಯಬೇಕಿತ್ತು ಎನ್ನುತ್ತೀರಿ. ಅವರಿಗೇ ತಿಳಿಯಬೇಕಿತ್ತು, ಅವರಿಗೇ ತಿಳಿಯಬೇಕಿತ್ತು. ಇದೊಂದು ಮಾತನ್ನು ನಾವು ಹೆಂಗಸರು ಜಪಮಾಲೆಯಂತೆ ಎಣಿಸುತ್ತೇವೆ. ಹೇಗೆ ತಿಳಿಯಬೇಕು? ನೀವು ಬಣ್ಣದ ಕಾಗದ ಸುತ್ತಿ ಕೊಟ್ಟಿದ್ದೀರಿ. ಇದು ದಾಸೋಹವಲ್ಲ, ತಾಯಿ. ಬೆಲೆ ಹೇಳದೆ ಮಾಡುವ ವ್ಯಾಪಾರ.

ಇನ್ನೊಂದು ಮಾತು. ನಿಮ್ಮ ಮನೆಯಲ್ಲೂ ಯಾರೋ ಕೊಟ್ಟ, ನೀವು ತೆರೆಯದ ಪೊಟ್ಟಣ ಒಂದಿದೆ. ಒಳಗೆ ಏನಿದೆಯೆಂದು ನಿಮಗೆ ಗೊತ್ತು. ಗೊತ್ತಿರುವುದಕ್ಕೇ ತೆರೆದಿಲ್ಲ.

ಇವತ್ತು ಇಲ್ಲಿಂದ ಎದ್ದು ಹೋಗುತ್ತೀರಲ್ಲ, ಮನೆಯಲ್ಲಿ ಆ ಒಬ್ಬರಿದ್ದಾರೆ. ಅವರು ಯಾರೆಂದು ನಾನು ಹೇಳಬೇಕಾಗಿಲ್ಲ, ಈಗಲೇ ನಿಮ್ಮ ಕಣ್ಣ ಮುಂದೆ ಬಂದರು. ಅವರಿಗೆ ಏನನ್ನೂ ಕೊಡಬೇಡಿ ಇವತ್ತು. ಹೋಗಿ, ನಿಮ್ಮ ಜೊತೆ ಒಂದು ಮಾತಾಡುವುದಿದೆ, ಕೂತುಕೊಳ್ಳಿ ಎಂದು ಹೇಳಿ. ಅವರು ಸಿಟ್ಟಾಗಬಹುದು, ನೀನು ಹೇಳುವುದು ಅರ್ಧ ಸುಳ್ಳು ಎನ್ನಬಹುದು. ಆ ಉಳಿದರ್ಧವನ್ನು ಕೇಳಿಸಿಕೊಳ್ಳಿ.

ಅವರು ಕೂತರೆ ನೀವೂ ಎದುರಿಗೆ ಕೂತುಕೊಳ್ಳಿ. ಚಹಾ ಮಾಡಲು ಏಳಬೇಡಿ.