ದಾರ ಕಡಿಯಿತು

ಹೃದಯ ಪರೀಕ್ಷೆಯ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅತ್ತೆ ಸೊಸೆ ಕೂತಿದ್ದರು. ಅತ್ತೆಯ ತೋಳಿಗೆ ನೀಲಿ ದಾರದ ಎಳೆಯೊಂದು ಅಂಟಿತ್ತು.

“ಒಳಗೆ ಏನು ಮಾಡಿಸ್ತಾರೆ?”

“ಮಲಗಿಕೊಂಡೇ ಸೈಕಲ್ ತುಳೀಬೇಕಂತೆ ಅತ್ತೆ. ಆಗ ಎದೆ ಮೇಲಿಂದಲೇ ಸ್ಕ್ಯಾನ್ ಮಾಡಿ, ಹೃದಯಕ್ಕೆ ರಕ್ತ ಸರಿಯಾಗಿ ಹೋಗ್ತಿದೆಯಾ ಅಂತ ನೋಡ್ತಾರೆ. ಸೂಜಿಗೀಜಿ ಇಲ್ಲ.”

“ಸೂಜಿಗೆ ಹೆದರ್ತೀನಾ? ಮೂವತ್ತು ವರ್ಷ ಹೊಲಿಗೆ ಮಿಷನ್ ತುಳಿದವಳು.”

“ಮತ್ತೆ ಕೈ ಯಾಕೆ ಇಷ್ಟು ತಣ್ಣಗಿದೆ?”

“ತುಳೀತಾ ತುಳೀತಾ ನಿಂತೇ ಹೋದ್ರೆ?”

“ಕಾಲಾ?”

“ಕಾಲಲ್ಲ.”

ಸೊಸೆ ಅತ್ತೆಯ ತೋಳಿಗಂಟಿದ್ದ ನೀಲಿ ಎಳೆಯನ್ನು ಬಿಡಿಸಿ ತೆಗೆದಳು.

“ಈಚೆಗೆ ನಿಮ್ಮ ಮಿಷನ್ ನಡುನಡುವೆ ನಿಲ್ತಿತ್ತು. ಕೇಳಿದ್ರೆ ದಾರ ಕಡೀತು ಅಂತಿದ್ರಿ.”

“ಹ್ಞೂಂ.”

“ನಾನೊಬ್ಬಳು ಪೆದ್ದಿ, ಅಂಗಡಿ ಸುತ್ತಿ ಗಟ್ಟಿ ದಾರ ತಂದುಕೊಟ್ಟೆ.”

“ಮೊದಲಿನ ದಾರವೂ ಗಟ್ಟಿಯಾಗೇ ಇತ್ತು ಕಣೇ.”

“ಎದೆ ಹಿಡೀತಿತ್ತಾ?”

“ನಿನ್ನ ಗಂಡನಿಗೆ ಹೇಳಬೇಡ.”

ನರ್ಸ್ ಬಾಗಿಲು ತೆರೆದು ಕರೆದಳು. ಅತ್ತೆ ಎದ್ದರು, ಆದರೆ ಸೊಸೆಯ ಕೈ ಬಿಡಲಿಲ್ಲ.

“ಒಳಗೆ ನೋವು ಬಂದ್ರೆ ದಾರ ಕಡೀತು ಅನ್ನಬೇಡಿ ಅತ್ತೆ.”

“ನೀನೂ ಬಾ. ಬಾಯಿಗೆ ಅದೇ ಬಂದುಬಿಟ್ರೆ, ಅದರ ಅರ್ಥ ಏನು ಅಂತ ಅವರಿಗೆ ನೀನೇ ಹೇಳು.”

ಇಬ್ಬರೂ ಒಳಗೆ ಹೋದರು.