ಗೂಟಕ್ಕೆ ಹಾಕಿದ ಕೋಟು

ತೀರಿಹೋದ ಗಂಡನ ಕಾಗದಪತ್ರಕ್ಕಾಗಿ ಆಸ್ಪತ್ರೆಯಲ್ಲಿ ಕಾಯುತ್ತಿದ್ದೆ. ಪಕ್ಕದಲ್ಲಿ ಯಾರೋ ಅಕ್ಕ ತಂಗಿ ಕುಳಿತಿದ್ದರು. ತಂಗಿ ಎಕ್ಸ್‌ರೇ ವಿಭಾಗದವಳು, ಮೂರು ತಿಂಗಳ ಬಸುರಿ. ಅವಳ ಬಿಳಿ ಕೋಟು ಅಕ್ಕನ ತೊಡೆಯ ಮೇಲಿತ್ತು, ಕೈಯಲ್ಲಿ ತಂಗಿಯ ಹೆಸರಿಗೆ ಬಂದ ಒಂದು ವರದಿ.

“ನಲವತ್ತು ಮಿಲಿಸೀವರ್ಟ್ ಅಂತ ಬರೆದಿದಾರಲ್ಲೇ, ಏನದು?”

“ಸೀವರ್ಟ್ ಅಂತ ಒಬ್ಬ ವಿಜ್ಞಾನಿ ಇದ್ರು, ಅಕ್ಕ. ಕಿರಣದಿಂದ ಮೈಗೆ ಎಷ್ಟು ಕೆಡುಕಾಗಬಹುದು ಅನ್ನೋದನ್ನ ಅವರ ಹೆಸರಲ್ಲಿ ಅಳೀತಾರೆ.”

“ಪಾಪ, ಆ ಮನುಷ್ಯನ ಹೆಸರಿಗೆ ಬೇರೆ ಕೆಲಸ ಸಿಗಲಿಲ್ವಾ? ನಲವತ್ತು ಜಾಸ್ತಿನಾ?”

“ಕಿರಣ ಅಳೆಯೋಕೆ ನಮಗೆ ಕೊಡೋ ಬ್ಯಾಡ್ಜಿನಲ್ಲಿ ನನಗೆ ಯಾವತ್ತೂ ಒಂದು ದಾಟಿರಲಿಲ್ಲ.”

“ಅಯ್ಯೋ! ಮಗು?”

“ಬ್ಯಾಡ್ಜು ಕೋಟಿನಲ್ಲಿರುತ್ತೆ. ಸೆಕೆ ಅಂತ ಕೋಟು ಬಿಚ್ಚಿ ಎಕ್ಸ್‌ರೇ ಕೋಣೆಯ ಗೂಟಕ್ಕೆ ಹಾಕಿಬಿಡ್ತಿದ್ದೆ. ಕಿರಣ ಬಿದ್ದಿದ್ದು ಬರೀ ಕೋಟಿಗೇ ಇರಬೇಕು.”

“ಸದ್ಯ! ನಿನ್ನ ಸೋಮಾರಿತನ ಇದೊಂದು ಸಲ ಉಪಕಾರಕ್ಕೆ ಬಂತು.”

“ಆದ್ರೆ ನಡುಗೋ ರೋಗಿಗಳನ್ನ ಹಿಡ್ಕೊಂಡು ಎಷ್ಟೋ ಸಲ ನಾನೇ ಒಳಗೆ ನಿಂತಿದೀನಿ.”

“ಆಗ ಕೋಟು ಎಲ್ಲಿತ್ತು?”

“ಅದೇ ನೆನಪಾಗ್ತಿಲ್ಲ, ಅಕ್ಕ.”

ನರ್ಸ್ ತಂಗಿಯನ್ನು ಕರೆದಳು.

“ಡಾಕ್ಟರ್ ಕೇಳಿದ್ರೆ ಗೂಟದಲ್ಲಿತ್ತು ಅಂದುಬಿಡ್ಲಾ?”

“ನೆನಪಿಲ್ಲ ಅಂತಾನೇ ಹೇಳು. ಏಳು.”

ಅಕ್ಕ ಕೋಟನ್ನು ಪಕ್ಕಕ್ಕಿಟ್ಟು ತಂಗಿಯ ಕೈಯನ್ನು ಬಿಗಿಯಾಗಿ ಹಿಡಿದು ಒಳಗೆ ನಡೆದಳು. ಬಿಳಿ ಕೋಟು ಬೆಂಚಿನ ಮೇಲೆಯೇ ಉಳಿಯಿತು.