ಈಮಾನಿನ ವಿಚಾರ ಕೇಳಾಕ ಬಂದೀನಿ

ಬ್ಯಾಡ ದಸ್ತಗೀರಣ್ಣ, ಚಹಾ ಬ್ಯಾಡ! ತುರ್ಭೆದಾಗ ನಮ್ಮ ಗೋಡೌನಿನ ಮುಂದ ಚಹಾ ಕುಡದ ಮುಂಬೈ ಲೋಕಲ್ ರೈಲು ಹತ್ತೀನಿ. ನಿನ್ನ ಘಣಸೋಲಿ ಏನ್ ದೂರ? ನೀ ಗೋಡೌನ್ ಬಿಟ್ಟು ಎರಡು ತಿಂಗಳಾತು, ನಿನ್ನ ಮಾರಿ ನೋಡಿ ಬರೂಣು ಅಂತ... ಅಲ್ಲ, ಇನ್ನೊಂದು ಕೆಲಸಾನೂ ಐತಿ. ಧರ್ಮದ ವಿಚಾರ! ಯಾಕ ನಗತಿ? ಶಂಕ್ರೆಪ್ಪ ಹಮಾಲ, ಅವಗ್ಯಾಕ ಧರ್ಮ ಅಂತೇನು? ಚೀಲ ಹೊರೂ ಹೆಗಲಿನ ಮ್ಯಾಲ ತಲಿನೂ ಐತೋ ಮಾರಾಯಾ!

ಕೇಳಿಲ್ಲೆ. ಕ್ರೈಸ್ತರು ನಂಬಿಗಿ ಅಂತಾರ, ನೀವು ಈಮಾನ್ ಅಂತೀರಿ. ಎರಡೂ ಒಂದಾ, ಬ್ಯಾರೇನಾ? ನಮಗ ಊಟದ ಡಬ್ಬಿ ಕೊಡ್ತಾಳಲ್ಲ ಬೀದರದ ಸುವಾರ್ತಮ್ಮ, ಭಾನುವಾರ ತಪ್ಪದ ಚರ್ಚಿಗೆ ಹೋಗಾಕಿ, ಆಕಿನ್ನ ಕೇಳಿದೆ. ನನ್ನ ಸಲುವಾಗಿ ಅಲ್ಲಪಾ! ನನ್ನ ದೋಸ್ತ ಒಬ್ಬ ತಪ್ಪು ಮಾಡ್ಯಾನ, ಅವನ ಸಲುವಾಗಿ. ಆಕಿ ಅಂದ್ಲು, 'ನಂಬಿಗಿ ಅಂದ್ರ ಯೇಸುವಿನ ಮ್ಯಾಲ ಭಾರ ಹಾಕೂದು. ನಿನ್ನ ಪಾಪ ಆಂವ ಹೊತ್ತು ಮುಗಿಸ್ಯಾನ. ಕ್ಷಮಾ ದುಡದು ಗಳಸೂದಲ್ಲ, ಕೈ ಚಾಚಿ ತಗೊಳ್ಳೂದು.' ಅಬ್ಬಾ! ಹುಟ್ಟಿದಾಗಿಂದ ಮೊದಲನೇ ಸಲ ನನ್ನ ಚೀಲ ಇನ್ನೊಬ್ಬ ಹೊತ್ತಂಗಾತು. ನಂದು ಅಂದ್ರ... ದೋಸ್ತಂದು.

ಅಷ್ಟಕ್ಕ ಬಿಡ್ತಾಳೇನು ಆಕಿ? 'ನಂಬಿದ್ದು ಖರೇ ಆದ್ರ, ಮೊದಲ ಆ ಮನಷ್ಯಾನ ಕಡೆ ಹೋಗಿ ಸಮಾಧಾನ ಮಾಡ್ಕೊಂಡು ಬಾ' ಅಂದ್ಲು. ಆತಲ್ಲ ಫಜೀತಿ!

ಅದಕ್ಕ ನಿಮ್ಮ ಮಸೂತಿಗೆ ಹೋದೆ. ಮೌಲಾನಾ ಅಂದ್ರು, 'ಈಮಾನ್ ಅಂದ್ರ ಅಲ್ಲಾ ಒಬ್ಬಾನ ಅಂತ ಎದಿಯಾಗ ಒಪ್ಪೂದು, ಬಾಯಿಲೆ ಹೇಳೂದು, ನಡತಿಯಾಗ ತೋರಸೂದು.' ಇಲ್ಲಿ ಒಬ್ಬರ ಭಾರ ಇನ್ನೊಬ್ಬರು ಹೊರಾಂಗಿಲ್ಲಂತ! ಆದ್ರ ತೋಬಾ ಮಾಡಿದ್ರ, ಅಂದ್ರ ತಪ್ಪಾತು ಅಂತ ಮನಸಾರೆ ಮರಗಿದ್ರ, ಅಲ್ಲಾ ಮಾಫ್ ಮಾಡ್ತಾನಂತ. ನಾ ಖುಷಿಲೆ ಎದ್ದು ನಿಂತ ಬಿಟ್ಟೆ. 'ಕುಂದ್ರಪಾ' ಅಂದ್ರು. 'ಮನಷ್ಯಾಗ ಮಾಡಿದ ಅನ್ಯಾಯ ಆ ಮನಷ್ಯಾನ ಮಾಫ್ ಮಾಡಬೇಕು.' ನೋಡು! ಎಷ್ಟು ಬ್ಯಾರೆ ಬ್ಯಾರೆ ದಾರಿ... ತಂದು ನಿಲ್ಲಸೂದು ಮಾತ್ರ ಒಂದ ಮನಿ ಬಾಗಲದಾಗ...

ಯಾರ ಮನಿ ಅಂದ್ರ... ಇರಲಿ ಬಿಡು. ಅಲ್ಲಿ ನೇತಾಕಿದ್ದು ವಾಚ್‌ಮನ್ ಅಂಗಿ ಏನು? ನಿಂದಾ? ಛೆ... ನಮ್ಮ ಗೋಡೌನಿನ ಜಯೇಶ್ ಈಗ ಕುಂಟಕೋತ ಅಡ್ಡಾಡ್ತಾನ, ನಿನ್ನ ಕೇಳ್ತಿರ್ತಾನ. ಆವತ್ತು ಅವನ ಕಾಲ ಮ್ಯಾಲ ಚೀಲ ಬಿದ್ದಾಗ ಸೇಠ ನಿನ್ನ ಕೆಲಸದಿಂದ ತಗದದ್ದು ಭಾಳ ಕೆಟ್ಟಾತು. ಒಟ್ಟಿದ ಚೀಲದಾಗ ನಡುವಿಂದು ನೀನ ಜಗ್ಗಿ ಇಡೀ ಒಟ್ಟಲ ಬೀಳಿಸಿದಿ ಅಂತ ಯಾರೋ ಹೇಳಿದ್ರಂತ...

ಯಾಕ ಹಂಗ ನೋಡ್ತಿ? ಬೈಯಿ ಬೇಕಾದ್ರ...

ಜಗ್ಗಿದಾಂವ ಯಾರಂತ ನಿನಗ ಗೊತ್ತಿತ್ತಾ?

ಯಾವಾಗಿಂದ? ಆವತ್ತಿಂದಾನ? ಮತ್ತ್ಯಾಕ ಬಾಯಿ ಬಿಡಲಿಲ್ಲೋ!

ಹೌದು. ಜಗ್ಗಿದಾಂವ ನಾನ. ನಿನ್ನ ಹೆಸರು ಹೇಳಿದಾಂವಾನೂ ನಾನ. ಅಂಜಿದೆ ಅಣ್ಣಾ, ಕೆಲಸ ಹೋಗತೈತಿ ಅಂತ... ಮಾಫ್ ಮಾಡೀನಿ ಅನ್ನು ಒಮ್ಮೆ, ಹೋಗ್ತೀನಿ. ಅನ್ನಲ್ಲಾ... ನನ್ನ ಮುಂದ ಫೋನ್ ಯಾಕ ಹಿಡದಿ? ಸೇಠನ ನಂಬರಾ? ಈಗಾ? ನಾಳೆ ಹೇಳ್ತೀನಿ, ನಿನ್ನಾಣಿ... ಏ, ರಿಂಗ್ ಆಗಾಕತ್ತು...

ಹಲೋ... ಸೇಠ್, ಮೈ ಶಂಕ್ರೆಪ್ಪಾ. ವೋ ಚೀಲ, ವೋ ಬೋರಿ... ದಸ್ತಗೀರ್ ನೇ ನಹೀಂ ಖೀಂಚೀ... ಸುನೋ ತೋ ಸೇಠ್... ಮೈನೇ... ನಾನ ಜಗ್ಗಿದ್ದು.